ಹಾಲಿಗೆ ಅಳತೆ ಇದೆ, ಉಸಿರಿಗೆ ಯಾಕಿಲ್ಲ?

ಬೆಳ್ಳೂರು ಸುತ್ತಮುತ್ತ ಯಾವ ಹಳ್ಳಿಗೆ ಹೋದರೂ ಬೆಳಿಗ್ಗೆ ಡೇರಿಯಲ್ಲಿ ಹಾಲಿಗೆ ಅಳತೆ ಇದೆ. ಫ್ಯಾಟ್ ಒಂದು ಪಾಯಿಂಟ್ ಕಮ್ಮಿ ಬಂದರೂ ನಾವು ಸುಮ್ಮನಿರುವುದಿಲ್ಲ, ಯಾಕೆ ಅಂತ ಕೇಳುತ್ತೇವೆ. ಕೆಆರ್‌ಎಸ್ ನೀರು 124.80 ಅಡಿ ಮುಟ್ಟಿತೇ ಅಂತ ಮಳೆಗಾಲದಲ್ಲಿ ದಿನಾ ಮೊಬೈಲ್ ನೋಡುತ್ತೇವೆ. ಆದರೆ ಹತ್ತು ವರ್ಷದಿಂದ ದಮ್ಮು, ಉಬ್ಬಸ ಎನ್ನುತ್ತಿರುವ ಮನೆಯ ಹಿರಿಯರನ್ನು ಕೇಳಿ: ನಿಮ್ಮ ಉಸಿರನ್ನು ಯಾರಾದರೂ ಅಳೆದಿದ್ದಾರಾ? ಹೌದು ಎನ್ನುವವರು ಕಮ್ಮಿ.

ಇದು ಸರಿಯಿಲ್ಲ ಎನ್ನುತ್ತೇವೆ ನಾವು. ಅಳೆಯದೆ ಅಸ್ತಮಾ ಅಂತ ಹೆಸರಿಡುವುದು, ಅಳೆಯದೆ ವರ್ಷಗಟ್ಟಲೆ ಸೂಜಿ ಮಾತ್ರೆ ಕೊಡುವುದು ನಿಲ್ಲಬೇಕು.

ಅಳೆಯುವ ಪರೀಕ್ಷೆಯ ಹೆಸರು ಸ್ಪೈರೋಮೆಟ್ರಿ. ಎದೆ ತುಂಬ ಉಸಿರು ಎಳೆದುಕೊಂಡು ಕೊಳವೆಯೊಳಗೆ ಜೋರಾಗಿ, ಪೂರ್ತಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅಂತ ಯಂತ್ರ ಹೇಳುತ್ತದೆ. ಆಮೇಲೆ ಸಾಮಾನ್ಯವಾಗಿ 400 ಮೈಕ್ರೋಗ್ರಾಂ ಸಾಲ್ಬುಟಮಾಲ್ ಇನ್‌ಹೇಲರ್ ಕೊಡುತ್ತಾರೆ. ಸುಮಾರು 15 ನಿಮಿಷ ಕಾದು ಮತ್ತೆ ಊದಿಸುತ್ತಾರೆ. ಸಾಲ್ಬುಟಮಾಲ್ ಬಿಗಿದುಕೊಂಡ ಉಸಿರುನಾಳವನ್ನು ಸಡಿಲ ಮಾಡುವ ಔಷಧಿ. ಅದು ಎಷ್ಟು ಕೆಲಸ ಮಾಡಿತು ಅನ್ನುವುದು ಎರಡನೇ ಊದಿನಲ್ಲಿ ಗೊತ್ತಾಗುತ್ತದೆ.

ಒಬ್ಬರು ಮೊದಲು 1.60 ಲೀಟರ್ ಊದಿದರು, ಔಷಧಿ ಆದ ಮೇಲೆ 1.90 ಊದಿದರು ಅಂದುಕೊಳ್ಳಿ. 300 ಮಿಲಿ ಏರಿತು, ಅಂದರೆ ನೂರಕ್ಕೆ 19ರಷ್ಟು. ನೂರಕ್ಕೆ 12 ಮತ್ತು 200 ಮಿಲಿ, ಎರಡನ್ನೂ ದಾಟಿದರೆ ಔಷಧಿಗೆ ಶ್ವಾಸಕೋಶ ಸ್ಪಂದಿಸಿದೆ ಎಂದು 2005ರ ಅಂತರರಾಷ್ಟ್ರೀಯ ಮಾನದಂಡ ಹೇಳಿತ್ತು. 2021ರಲ್ಲಿ ಲೆಕ್ಕ ಬದಲಾಯಿತು. ಆ ವಯಸ್ಸು, ಎತ್ತರದವರಿಗೆ ಇರಬೇಕಾದ ಪ್ರಮಾಣದ ನೂರಕ್ಕೆ 10ಕ್ಕಿಂತ ಹೆಚ್ಚು ಏರಬೇಕು ಅಂತಾಯಿತು. ಇನ್ನೊಬ್ಬರು 1.60ರಿಂದ 1.68ಕ್ಕೆ ಮಾತ್ರ ಏರಿದರೆ ವೈದ್ಯರು ಬೇರೆ ಕಾರಣವನ್ನೂ ಹುಡುಕಬೇಕಾಗುತ್ತದೆ.

ಈ ವ್ಯತ್ಯಾಸ ನಮ್ಮ ಹೆಣ್ಣುಮಕ್ಕಳಿಗೆ ಬಹಳ ಮುಖ್ಯ. ಬೀಡಿ ಮುಟ್ಟದಿದ್ದರೂ ಮೂವತ್ತು ನಲವತ್ತು ವರ್ಷ ಸೌದೆ ಒಲೆ ಊದಿದವರಿಗೆ ಸಿಒಪಿಡಿ ಬರಬಹುದು. ಅದರಲ್ಲೂ ದಮ್ಮು ಹತ್ತುತ್ತದೆ, ಕೆಮ್ಮು ಬರುತ್ತದೆ. ಹೊರಗಿನಿಂದ ನೋಡಿದರೆ ಅಸ್ತಮಾ ಥರವೇ. ಆದರೆ ಔಷಧಿ ಕೊಟ್ಟ ಮೇಲೂ ಉಸಿರುನಾಳ ಪೂರ್ತಿ ತೆರೆದುಕೊಳ್ಳುವುದಿಲ್ಲ. ಎರಡಕ್ಕೂ ಚಿಕಿತ್ಸೆ ಒಂದೇ ಅಲ್ಲ.

ಸ್ಟೆತಸ್ಕೋಪ್ ಇಟ್ಟರೆ ಗೊತ್ತಾಗುವುದಿಲ್ಲವೇ ಎನ್ನುತ್ತಾರೆ. ಸುಂಯ್ ಅನ್ನುವ ಶಬ್ದ ಕೇಳುತ್ತದೆ, ಆದರೆ ಎಷ್ಟು ಮಿಲಿ ಏರಿತು ಅಂತ ಕಿವಿ ಹೇಳುವುದಿಲ್ಲ. ಒಂದೇ ಪರೀಕ್ಷೆ ನಂಬಬಹುದೇ ಅನ್ನುವುದು ಇನ್ನೊಂದು ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ಅಸ್ತಮಾ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಚೆನ್ನಾಗಿರುವ ದಿನ ಊದಿದರೆ ಏರಿಕೆ ಕಾಣದೇ ಇರಬಹುದು. ಹಾಗಾದರೆ ಇನ್ನೊಮ್ಮೆ ಅಳೆಯಬೇಕು. ಬಿಪಿ ಒಂದು ದಿನ ಸರಿ ಇತ್ತು ಅಂತ ಮೆಷಿನ್ನನ್ನು ಯಾರಾದರೂ ಮೂಲೆಗೆ ಹಾಕುತ್ತಾರಾ?

ಇನ್‌ಹೇಲರ್ ಹಿಡಿದರೆ ಚಟ ಆಗುತ್ತದೆ, ಮದುವೆಗೆ ಅಡ್ಡಿಯಾಗುತ್ತದೆ ಎಂಬ ಮಾತು ಊರಲ್ಲಿದೆ. ಅದಕ್ಕೂ ಈ ಅಂಕಿಯೇ ಒಳ್ಳೆ ಉತ್ತರ. ಕಾಲು ಗಂಟೆಯಲ್ಲಿ ಕಾಲು ಲೀಟರ್ ಉಸಿರು ಹೆಚ್ಚಾದದ್ದನ್ನು ಚೀಟಿಯಲ್ಲಿ ಕಂಡವರು ಆ ಮಾತು ನಂಬುವುದಿಲ್ಲ. ಆದರೆ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವುದೂ ತಪ್ಪು. ಅದು ಬಿಗಿತ ಬಿಡಿಸುತ್ತದೆ, ಒಳಗಿನ ಊತ ಇಳಿಸುವುದಿಲ್ಲ. ಊತಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬೇಕು. ಸಾಲ್ಬುಟಮಾಲ್ ಒಂದನ್ನೇ ಕೊಡಬೇಡಿ ಎಂದು ಅಸ್ತಮಾದ ಜಾಗತಿಕ ಮಾರ್ಗಸೂಚಿ 2019ರಲ್ಲೇ ಹೇಳಿದೆ. ಅದೇ ವರ್ಷದ ಜಾಗತಿಕ ಅಂದಾಜಿನಲ್ಲಿ ಪ್ರಪಂಚದ ಅಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು 13 ಮಂದಿ ಭಾರತದವರು, ಅಸ್ತಮಾದಿಂದ ಸತ್ತವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಭಾರತದವರು. ಇದು ಸಾಯಲೇಬೇಕಾದ ಕಾಯಿಲೆಯಲ್ಲ.

ಬೆಳ್ಳೂರಿನ ಪಕ್ಕ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಇದೆ. ದೊಡ್ಡಾಸ್ಪತ್ರೆ ಹತ್ತಿರವಿದೆ ಅಂತ ಸರ್ಕಾರದ ಜವಾಬ್ದಾರಿ ಮುಗಿಯುವುದಿಲ್ಲ. ಕೂಲಿ ಬಿಟ್ಟು, ಬಸ್ ಹಿಡಿದು, ಸಾಲಿನಲ್ಲಿ ನಿಲ್ಲಬೇಕಾದವರಿಗೆ ಹತ್ತಿರವೂ ದೂರವೇ. ಬಿಪಿ, ಸಕ್ಕರೆ ಕಾಯಿಲೆ ನೋಡಿಕೊಳ್ಳುವ ರಾಷ್ಟ್ರೀಯ ಕಾರ್ಯಕ್ರಮದ 2023ರ ಮಾರ್ಗಸೂಚಿಯಲ್ಲಿ ಅಸ್ತಮಾ, ಸಿಒಪಿಡಿ ಕೂಡ ಸೇರಿವೆ. ಕಾಗದದಲ್ಲಿ ಸೇರಿದ್ದು ಊರಿಗೆ ಬರಲಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಪೈರೋಮೀಟರ್, ಅದನ್ನು ಸರಿಯಾಗಿ ಊದಿಸಲು ಬರುವ ಸಿಬ್ಬಂದಿ ಇರಬೇಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೀಕ್ ಫ್ಲೋ ಮೀಟರ್ ಆದರೂ ಇರಬೇಕು. ಅದಕ್ಕೆ ಕರೆಂಟು ಬೇಡ, ಬೆಲೆ ಕೆಲವು ನೂರು ರೂಪಾಯಿ. ಸ್ಪೈರೋಮೀಟರ್ ಇಲ್ಲದ ಕಡೆ, ಔಷಧಿಯ ನಂತರ ಅದರಲ್ಲಿ ನೂರಕ್ಕೆ 20 ಏರಿದರೂ ಅಸ್ತಮಾದ ಸೂಚನೆ ಸಿಗುತ್ತದೆ.

ನೀವು ಮಾಡಬೇಕಾದ್ದೂ ಇದೆ. ವೈದ್ಯರನ್ನು ಕೇಳಿ: "ಊದುವ ಪರೀಕ್ಷೆ ಬರೆದುಕೊಡಿ, ಔಷಧಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ." ಪರೀಕ್ಷೆಗೆ ಮುಂಚೆ ಇನ್‌ಹೇಲರ್ ಎಷ್ಟು ಗಂಟೆ ಬಿಡಬೇಕು ಅಂತಲೂ ಕೇಳಿ. ಸಾಲ್ಬುಟಮಾಲ್ ಆದರೆ ಸಾಮಾನ್ಯವಾಗಿ 4ರಿಂದ 6 ಗಂಟೆ. ನಡುವೆ ಉಬ್ಬಸ ಜೋರಾದರೆ ತಡೆದುಕೊಂಡು ಕೂರಬೇಡಿ, ಔಷಧಿ ತೆಗೆದುಕೊಳ್ಳಿ. ಪರೀಕ್ಷೆ ಇನ್ನೊಂದು ದಿನ ಮಾಡಿಸಬಹುದು. ಚೀಟಿಯಲ್ಲಿ ಎರಡೂ ಅಂಕಿ ಇದೆಯೇ ನೋಡಿ, ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಗೆ ಆರೋಗ್ಯ ಇಲಾಖೆಯವರು ಬಂದಾಗ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳಿ: ಉಸಿರು ಅಳೆಯುವ ಯಂತ್ರ ನಮ್ಮ ಆಸ್ಪತ್ರೆಗೆ ಯಾವಾಗ ಬರುತ್ತದೆ?