ಚೊಚ್ಚಲ ಹೆರಿಗೆ: ಪಕ್ಕದಲ್ಲಿ ಒಬ್ಬರಿರಲಿ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಸೀಮಂತ ಮುಗಿಸಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಮಗಳನ್ನು ಕರೆದುಕೊಂಡು ಬರುತ್ತಾರೆ. ಖರ್ಚು ಯಾರ ಮೇಲೆ ಬೀಳಬೇಕೆಂಬ ಲೆಕ್ಕಾಚಾರವೂ ಇದರ ಹಿಂದೆ ಇದ್ದೀತು. ಅದು ಹಾಗಿರಲಿ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತಾರೆ. ಆ ಹೊತ್ತಿನಲ್ಲಿ ಸಂಕೋಚವಿಲ್ಲದೆ ಅಳಲು, ಕೂಗಲು ತನ್ನವರು ಹತ್ತಿರವಿರಲಿ ಎಂಬ ವಿವೇಕವಂತೂ ಅದರಲ್ಲಿತ್ತು.

ಈಗ ಮಗಳು ತವರಿಗೆ ಬಂದರೂ ಹೆರಿಗೆ ಆಸ್ಪತ್ರೆಯಲ್ಲಿ. 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಕರ್ನಾಟಕದ ಸುಮಾರು ಅರ್ಧದಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದವು. 2019–21ರ ಸಮೀಕ್ಷೆಯಲ್ಲಿ ಅದು ನೂರಕ್ಕೆ 97. ಇದು ಒಳ್ಳೆಯದೇ. ರಕ್ತಸ್ರಾವಕ್ಕೂ ನಂಜಿಗೂ ಬಲಿಯಾಗಬೇಕಿದ್ದ ಎಷ್ಟೋ ತಾಯಂದಿರು ಇದರಿಂದ ಉಳಿದಿದ್ದಾರೆ. ಆದರೆ ಮನೆಯಲ್ಲಿ ಜೊತೆಗಿರುತ್ತಿದ್ದ ಹೆಂಗಸು ಆಸ್ಪತ್ರೆಯಲ್ಲಿ ಬಾಗಿಲ ಹೊರಗೇ ಉಳಿದುಹೋದಳು. ತಾಯಿ ಹೊರಗೆ ಬೆಂಚಿನ ಮೇಲೆ, ಮಗಳು ಒಳಗೆ ಹೆರಿಗೆ ಮೇಜಿನ ಮೇಲೆ.

ಜೊತೆಗೊಬ್ಬರಿದ್ದರೆ ಆಗುವ ಲಾಭ ಮನಸ್ಸಿನ ಸಮಾಧಾನವಷ್ಟೇ ಅಲ್ಲ. 1980ರಲ್ಲಿ ಗ್ವಾಟೆಮಾಲ ದೇಶದ ಆಸ್ಪತ್ರೆಯೊಂದರ ಅಧ್ಯಯನ ಪ್ರಕಟವಾಯಿತು. ಕೆಲವು ಚೊಚ್ಚಲ ಬಸುರಿಯರ ಪಕ್ಕದಲ್ಲಿ ಒಬ್ಬ ಹೆಂಗಸನ್ನು ಇರಿಸಿದ್ದರು. ಆಕೆ ವೈದ್ಯೆಯಲ್ಲ, ದಾದಿಯಲ್ಲ, ಗುರುತಿನವಳೂ ಅಲ್ಲ. ಬೆನ್ನು ನೀವುವುದು, ಕೈ ಹಿಡಿಯುವುದು, ಮಾತನಾಡಿಸುವುದು, ಇಷ್ಟೇ ಆಕೆಯ ಕೆಲಸ. ಕೊನೆಗೆ ಲೆಕ್ಕಕ್ಕೆ ತೆಗೆದುಕೊಂಡ 40 ಮಂದಿಯಲ್ಲಿ, ಜೊತೆಯಿದ್ದವರು ದಾಖಲಾದ ಸರಾಸರಿ 8.8 ಗಂಟೆಗಳಲ್ಲಿ ಹೆತ್ತರು; ಒಂಟಿಯಾಗಿದ್ದವರಿಗೆ 19.3 ಗಂಟೆ ಹಿಡಿಯಿತು. ಅಧ್ಯಯನ ಚಿಕ್ಕದು, ನಿಜ. ಆದರೆ ಆಮೇಲೆ ಹಲವು ದೇಶಗಳಲ್ಲಿ ನಡೆದ ಪರೀಕ್ಷೆಗಳೂ ಒಟ್ಟಾರೆ ಅದೇ ದಿಕ್ಕನ್ನು ತೋರಿಸಿದವು: ಜೊತೆಯಿದ್ದವರಿಗೆ ನೋವಿನ ಅವಧಿ ಕಡಿಮೆ, ಸಿಸೇರಿಯನ್ ಕೂಡ ಕಡಿಮೆ. ಹೆದರಿದ ದೇಹ ಬಿಗಿದುಕೊಳ್ಳುತ್ತದೆ. ಭಯದಿಂದ ಏರುವ ಅಡ್ರಿನಲಿನ್, ಗರ್ಭಕೋಶವನ್ನು ಹಿಂಡುವ ಆಕ್ಸಿಟೋಸಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ.

ಅದರಲ್ಲೂ ಮೊದಲ ಹೆರಿಗೆ ನಿಧಾನ. ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆಯಬೇಕು. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಡಿಲಿಸಿತು. 5 ಸೆಂಟಿಮೀಟರ್ ಆದಮೇಲೂ ಚೊಚ್ಚಲಿಗೆ 12 ಗಂಟೆಯವರೆಗೆ ಹಿಡಿಯಬಹುದು. ಬಾಯಿ ಪೂರ್ತಿ ತೆರೆದ ಮೇಲೆ ಮಗು ಹೊರಬರಲು ಮೂರು ಗಂಟೆಯವರೆಗೆ. ತಾಯಿ, ಮಗು ಕ್ಷೇಮವಾಗಿದ್ದರೆ ತಡವೆಂಬುದೇ ರೋಗವಲ್ಲ. ಇಷ್ಟು ಹೊತ್ತು ಗೋಡೆಯ ಗಡಿಯಾರ ನೋಡುತ್ತ ಒಬ್ಬಳೇ ಮಲಗಿರುವುದನ್ನು ಊಹಿಸಿ ನೋಡಿ! 'ಇನ್ನೂ ಎಷ್ಟು ಹೊತ್ತು?' ಎಂದು ಕೇಳಿದ್ದಕ್ಕೆ ಗದರಿಸಿಕೊಂಡವರೂ ಉಂಟು.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. ಇಂಥವರ ಬಗ್ಗೆ ಜನ 'ಕೈಗುಣ' ಎನ್ನುವ ಮಾತಿನಲ್ಲಿ, ಬಿಟ್ಟು ಕದಲದೆ ಕೂರುವ ಗುಣವೂ ಸೇರಿರಬೇಕು. ಹಾಗೆಂದು ಮನೆ ಹೆರಿಗೆಗೆ ಮರಳಬೇಕಿಲ್ಲ. ಆ ಗುಣವನ್ನು ಆಸ್ಪತ್ರೆಯೊಳಕ್ಕೆ ಬಿಟ್ಟುಕೊಂಡರೆ ಸಾಕು.

ಅದಕ್ಕೆ ಅನುಮತಿಯೂ ಇದೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೊಠಡಿಯಲ್ಲಿ ಬಸುರಿಯ ಜೊತೆ ಒಬ್ಬರಿರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತಿಳಿಸಿತು. ಸ್ವತಃ ಹೆತ್ತ ಅನುಭವವಿರುವ ಹೆಂಗಸಾದರೆ ಒಳಿತು, ಮರೆಯ ವ್ಯವಸ್ಥೆಯಿದ್ದಲ್ಲಿ ಗಂಡನೂ ಇರಬಹುದು. ಕಾಗದದ ಮೇಲಿನ ಮಾತು ಎಲ್ಲ ಕಡೆಯೂ ಬಾಗಿಲು ತೆರೆಸುವುದಿಲ್ಲ. ಸಾಲಾಗಿ ಮೇಜುಗಳಿದ್ದು ನಡುವೆ ಪರದೆಯೂ ಇಲ್ಲದ ಕಡೆ ದಾದಿಯರ ಆಕ್ಷೇಪದಲ್ಲೂ ಅರ್ಥವಿದೆ. ಆದ್ದರಿಂದ ನೋವು ಶುರುವಾದ ಮೇಲೆ ವಾದಕ್ಕಿಳಿಯುವ ಬದಲು ಎಂಟನೆಯ ತಿಂಗಳ ತಪಾಸಣೆಯಲ್ಲೇ ಕೇಳಿಟ್ಟುಕೊಳ್ಳುವುದು ಮೇಲು.

ಯಾರು ಹೋಗಬೇಕು? ಧೈರ್ಯ ಹೇಳಬಲ್ಲವರು. ಪಕ್ಕದ ಮನೆಯವಳಿಗೆ ಏನೇನಾಯಿತೆಂದು ವರ್ಣಿಸುವ ದೊಡ್ಡಮ್ಮ ಹೊರಗಿದ್ದರೇ ಚೆನ್ನ. ಒಳಗೆ ಹೋದವರು ಸೊಂಟ ನೀವಲಿ, ವೈದ್ಯರು ಬೇಡವೆನ್ನದಿದ್ದರೆ ಗುಟುಕು ನೀರು ಕುಡಿಸಲಿ, ನಾಲ್ಕು ಹೆಜ್ಜೆ ನಡೆಸಲಿ.

ಮಗು ಹುಟ್ಟಿದ ಮೇಲೂ ಅವರ ಕೆಲಸ ಮುಗಿಯುವುದಿಲ್ಲ. ಒರೆಸಿದ ಕೂಸನ್ನು ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಒಂದು ಗಂಟೆಯೊಳಗೆ ಮೊಲೆಗೆ ಹಿಡಿಸಬೇಕು. ಮೊದಲು ಬರುವ ಹಳದಿ ಗಟ್ಟಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ನಾಲಿಗೆಗೆ ಜೇನು ಸವರುವುದು ಇನ್ನೂ ಕೆಲವೆಡೆ ಇದೆ. ಚೆಲ್ಲುವ ಆ ಹಾಲೇ ರೋಗಗಳ ವಿರುದ್ಧ ಕೂಸಿಗೆ ಸಿಗುವ ಮೊದಲ ರಕ್ಷಣೆ. ಹಾಲು ತುಂಬಿ ಬರಲು ಎರಡು ಮೂರು ದಿನ ಬೇಕು. ಅಷ್ಟರೊಳಗೆ 'ಇವಳಿಗೆ ಹಾಲೇ ಇಲ್ಲ' ಎಂದು ತೀರ್ಪು ಕೊಡುವವರನ್ನು ತಡೆಯುವುದೂ ಜೊತೆಗಾತಿಯ ಪಾಲಿಗೇ.

ಇನ್ನೊಂದು ಮಾತು. ಮಗುವಿನ ಅಳು ಕೇಳಿದ್ದೇ ತಡ, ಮನೆಯವರೆಲ್ಲ ತೊಟ್ಟಿಲ ಸುತ್ತ ಸೇರುತ್ತಾರೆ. ತಾಯಿಗೆ ಅತಿಯಾದ ರಕ್ತಸ್ರಾವದ ಅಪಾಯ ಹೆಚ್ಚಾಗಿರುವುದು ಸರಿಯಾಗಿ ಆ ಮೊದಲ ಕೆಲವು ಗಂಟೆಗಳಲ್ಲಿ. ಬಟ್ಟೆ ಬೇಗ ಬೇಗ ತೊಯ್ಯುತ್ತಿದೆಯೇ, ಮೈ ತಣ್ಣಗಾಗುತ್ತಿದೆಯೇ, ತಲೆ ಸುತ್ತುತ್ತಿದೆಯೇ ಎಂದು ಆಗಾಗ ವಿಚಾರಿಸುತ್ತ, ಅನುಮಾನ ಬಂದ ಕ್ಷಣವೇ ದಾದಿಯನ್ನು ಕೂಗಿ ಕರೆಯಲು ಒಬ್ಬರಾದರೂ ಬಾಣಂತಿಯ ಮಂಚದ ಪಕ್ಕದಲ್ಲಿರಬೇಕು. ಕೂಸನ್ನು ನೋಡಲು ಹೇಗೂ ಹತ್ತು ಜನ ಇರುತ್ತಾರೆ.