ಏಸಿ ಕಿತ್ತ ಕಾರಿಗೆ ದಾರಿ ಎಲ್ಲಿ?

ಬೇಸಿಗೆ ಬಂತೆಂದರೆ ಪೀಣ್ಯದ ಕಾರು ಗ್ಯಾರೇಜುಗಳಿಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ಒಬ್ಬ 'ಏಸಿ ತಣ್ಣಗಾಗ್ತಿಲ್ಲ, ಗ್ಯಾಸು ತುಂಬಿ ಸ್ವಾಮಿ' ಅನ್ನುವವನು. ಇನ್ನೊಬ್ಬ 'ಏಸಿ ಪೂರ್ತಿ ಕಿತ್ತುಬಿಡಣ್ಣ' ಅನ್ನುವವನು. ಮೊದಲನೆಯವನ ಕಷ್ಟ ಯಾರಿಗಾದರೂ ಅರ್ಥವಾಗುತ್ತದೆ. ಎರಡನೆಯವನಿಗೆ ತಲೆ ಕೆಟ್ಟಿದೆ ಅಂತ ಪಕ್ಕದ ಟೀ ಅಂಗಡಿಯವರು ನಗುತ್ತಾರೆ. ತಲೆ ಏನೂ ಕೆಟ್ಟಿಲ್ಲ. ಅವನಿಗೆ ಬೇಕಾಗಿರೋದು ತಂಪಲ್ಲ, ವೇಗ.

ವೈಟ್‌ಫೀಲ್ಡ್ ಕಡೆಯಿಂದ, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಸಂಬಳದ ಹುಡುಗರು ಹಳೇ ಕಾರು ಕೊಂಡು ಬರುತ್ತಾರೆ. ಬಾನೆಟ್ ಎತ್ತಿದರೆ ಒಳಗೆ ಬೆರಳು ತೂರಿಸಲು ಜಾಗವಿಲ್ಲ. ಟರ್ಬೊ ಕೂರಿಸಬೇಕು, ಅದರ ಗಾಳಿ ತಣಿಸುವ ಇಂಟರ್‌ಕೂಲರ್ ಇಡಬೇಕು, ದಪ್ಪ ಪೈಪು ಎಳೆಯಬೇಕು. ಎಲ್ಲಿಡೋದು? ರೇಡಿಯೇಟರಿನ ಮುಂದೆ ಕೂತಿರುವ ಏಸಿ ಕಂಡೆನ್ಸರ್ ಕಣ್ಣಿಗೆ ಬೀಳುತ್ತದೆ. ಇಂಜಿನ್ನಿಗೆ ಅಂಟಿಕೊಂಡ ಕಂಪ್ರೆಸರ್ ಕಣ್ಣಿಗೆ ಬೀಳುತ್ತದೆ. ಮನೆಗೆ ನೆಂಟರು ಬಂದಾಗ ಅಜ್ಜಿಯ ಮಂಚ ಹೊರಗೆ ಹಾಕಿದ ಹಾಗೆ ಏಸಿಗೆ ಗೇಟ್‌ಪಾಸು ಸಿಗುತ್ತದೆ.

ಇದು ಅವರವರ ಕಾರು, ಅವರವರ ಬೆವರು, ಊರಿಗೇನು ಅಂತ ಕೇಳುವವರುಂಟು. ಊರಿಗೂ ಸಂಬಂಧವಿದೆ. ಆ ಕಾರು ಓಡುವುದು ಅಂಗಡಿಯ ಮುಂದೆ, ಬಸ್ಸಿಗೆ ಕಾದು ನಿಂತ ಜನರ ಪಕ್ಕದಲ್ಲಿ.

ಕಿತ್ತರೆ ಸಿಗೋದೇನು?

ಮೊದಲು ಲಾಭದ ಲೆಕ್ಕ ನೋಡೋಣ. ಏಸಿ ಕಂಪ್ರೆಸರ್ ತಿರುಗುವುದು ಇಂಜಿನ್ನಿನ ಬೆಲ್ಟಿನಿಂದ. ಸಣ್ಣ ಕಾರಿನಲ್ಲಿ ಅದು ಎರಡು ಮೂರು ಅಶ್ವಶಕ್ತಿ ತಿನ್ನುತ್ತದೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಂಥ ಪುಟ್ಟ ಕಾರಿನ 796 ಸಿ.ಸಿ. ಇಂಜಿನ್ನಿಗೆ ಅದು ದೊಡ್ಡ ಹೊರೆಯೇ. ಏಸಿ ಹಾಕಿ ದಿಬ್ಬ ಹತ್ತಿಸಿದವರಿಗೆ ಗೊತ್ತು, ಕಾರು ಎತ್ತಿನ ಹಾಗೆ ಉಸಿರು ಬಿಡುತ್ತದೆ. ಗುಂಡಿ ಒತ್ತಿ ಏಸಿ ಆಫ್ ಮಾಡಿದರೆ ಮುಂದಕ್ಕೆ ನೆಗೆಯುತ್ತದೆ.

ಗುಟ್ಟು ಇರುವುದು ಅಲ್ಲೇ. ಕಂಪ್ರೆಸರಿನಲ್ಲಿ ಒಂದು ಕ್ಲಚ್ ಇರುತ್ತದೆ. ಗುಂಡಿ ಆಫ್ ಆದರೆ ಕ್ಲಚ್ ಬಿಟ್ಟುಕೊಳ್ಳುತ್ತದೆ, ಪುಲ್ಲಿ ಮಾತ್ರ ಸುಮ್ಮನೆ ಸುತ್ತುತ್ತದೆ. ಆಗ ಇಂಜಿನ್ನಿನ ಮೇಲೆ ಭಾರ ಇಲ್ಲವೆಂದರೂ ನಡೆಯುತ್ತದೆ. ಈಗಿನ ಕಾರುಗಳಲ್ಲಂತೂ ಆಕ್ಸಿಲರೇಟರ್ ಪೂರ್ತಿ ತುಳಿದರೆ ಕಂಪ್ಯೂಟರೇ ಕೆಲವು ಸೆಕೆಂಡು ಕಂಪ್ರೆಸರನ್ನು ಬಿಡಿಸುತ್ತದೆ. ಅಂದಮೇಲೆ ಗುಂಡಿ ಒತ್ತಿ ಪಡೆಯಬಹುದಾದ್ದನ್ನು ಸ್ಪ್ಯಾನರ್ ಹಿಡಿದು ಪಡೆಯುವುದು ಯಾವ ಜಾಣತನ?

ಭಾರ ಇಳಿಯುತ್ತೆ ಅಂತಾರೆ. ಇಳಿಯುತ್ತದೆ ನಿಜ. ಕಂಪ್ರೆಸರ್, ಕಂಡೆನ್ಸರ್, ಪೈಪು, ಡ್ಯಾಶ್‌ಬೋರ್ಡಿನ ಹಿಂದಿನ ಕಾಯಿಲ್ ಎಲ್ಲ ಸೇರಿ 15-20 ಕಿಲೋ ಆದೀತು. ಒಂಬೈನೂರು ಕಿಲೋ ಕಾರಿಗೆ ಅದು ನೂರಕ್ಕೆ ಎರಡು ಪಾಲು. ಪಕ್ಕದ ಸೀಟಿನ ಗೆಳೆಯನನ್ನು ಮನೆಯಲ್ಲೇ ಬಿಟ್ಟು ಬಂದರೆ ಇದರ ಮೂರು ಪಟ್ಟು ಭಾರ ಕಾಸಿಲ್ಲದೆ ಇಳಿಯುತ್ತದೆ.

ಆದರೂ ನ್ಯಾಯ ನ್ಯಾಯವೇ. ಕಂಡೆನ್ಸರ್ ತೆಗೆದರೆ ರೇಡಿಯೇಟರಿಗೆ ಗಾಳಿ ಚೆನ್ನಾಗಿ ತಾಗುತ್ತದೆ, ಇಂಟರ್‌ಕೂಲರಿಗೆ ಜಾಗ ಸಿಗುತ್ತದೆ. ರೇಸಿಗೆಂದೇ ಕಟ್ಟಿದ ಕಾರಿಗೆ ಇದು ಸರಿಯಾದ ಲೆಕ್ಕ. ಬೆಳಗ್ಗೆ ಆಫೀಸಿಗೆ, ಸಂಜೆ ಮಾರುಕಟ್ಟೆಗೆ ಹೋಗುವ ಕಾರಿಗೆ ತಪ್ಪು ಲೆಕ್ಕ.

ನಷ್ಟದ ಬಾಬತ್ತು ಯಾರೂ ಹೇಳುವುದಿಲ್ಲ. ಮಳೆಗಾಲದ ಸಂಜೆ ಕಿಟಕಿ ಮುಚ್ಚಿ ಹೊರಟರೆ ಮುಂದಿನ ಗಾಜಿನ ಒಳಗಡೆ ಮಂಜು ಕಟ್ಟುತ್ತದೆ. ಏಸಿ ಗಾಳಿಯ ತೇವ ಹೀರಿ ಅದನ್ನು ಕ್ಷಣದಲ್ಲಿ ಬಿಡಿಸುತ್ತದೆ. ಏಸಿ ಇಲ್ಲದಿದ್ದರೆ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಬಟ್ಟೆ. ಎದುರಿಗೆ ರಸ್ತೆ ದಾಟುತ್ತಿರುವ ಗಾರ್ಮೆಂಟ್ಸ್ ಹೆಣ್ಣುಮಗಳು ಕಾಣುವುದು ಹೇಗೆ? ಕೆಲವು ಕಾರುಗಳಲ್ಲಿ ಕಂಪ್ರೆಸರಿನ ಬೆಲ್ಟೇ ಡೈನಮೊಗೂ ನೀರಿನ ಪಂಪಿಗೂ ಹೋಗುತ್ತದೆ. ಕಂಪ್ರೆಸರ್ ಕಿತ್ತು ಅಳತೆ ತಪ್ಪಿದ ಬೆಲ್ಟು ಹಾಕಿದರೆ ನೆಲಮಂಗಲದ ಟೋಲ್ ಹತ್ತಿರ ಇಂಜಿನ್ ಕುದಿಯುತ್ತದೆ. ಕಿಟಕಿ ತೆರೆದು ಜೋರಾಗಿ ಹೋದರೆ ನುಗ್ಗಿದ ಗಾಳಿಯೇ ಕಾರನ್ನು ಹಿಂದಕ್ಕೆಳೆಯುತ್ತದೆ. ಉಳಿಸಿದ್ದು ಅಲ್ಲೇ ಹೋಯಿತು.

ಬುಸ್ಸೆಂದ ಗ್ಯಾಸು

ಇನ್ನೊಂದು ಕೆಟ್ಟ ಚಾಳಿ ಇದೆ. ಪೈಪು ಬಿಚ್ಚುವ ಮೊದಲು ಗ್ಯಾಸನ್ನು ಯಂತ್ರ ಹಾಕಿ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಆ ಯಂತ್ರ ಎಲ್ಲ ಗ್ಯಾರೇಜಿನಲ್ಲೂ ಇರೋದಿಲ್ಲ. ನಟ್ಟು ಸಡಿಲಿಸುತ್ತಾರೆ, ಬುಸ್ಸೆಂದು ಗ್ಯಾಸು ಆಕಾಶಕ್ಕೆ ಹೋಗುತ್ತದೆ. ಹಿಂದೆ ಕಾರುಗಳಲ್ಲಿ ಇದ್ದದ್ದು ಆರ್-12. ಓಜೋನ್ ಪದರ ತಿನ್ನುತ್ತೆ ಅಂತ ಅಂಥ ಗ್ಯಾಸುಗಳ ತಯಾರಿಕೆಯನ್ನು ಭಾರತ 2010ರ ಹೊತ್ತಿಗೆ ನಿಲ್ಲಿಸಿತು. ಆಮೇಲೆ ಬಂದ ಆರ್-134ಎ ಓಜೋನ್ ತಿನ್ನೋದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಜೋರು. ಸಣ್ಣ ಕಾರಿನ ಏಸಿಯಲ್ಲಿ 400 ಗ್ರಾಂ ಇದೆ ಅಂತಿಟ್ಟುಕೊಳ್ಳಿ. ಅದನ್ನು ಗಾಳಿಗೆ ಬಿಡುವುದೂ ಒಂದೇ, ಹತ್ತಿರಹತ್ತಿರ 250 ಲೀಟರ್ ಪೆಟ್ರೋಲ್ ಸುಡುವುದೂ ಒಂದೇ.

2016ರ ಏಪ್ರಿಲಿನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ. ಫ್ಯಾನೇ ಬೇಡದ ಊರು ಅಂತ ಹೆಸರಾಗಿದ್ದ ಊರಿದು. ಆ ಬಿಸಿಲಿನಲ್ಲಿ ಜಾಲಹಳ್ಳಿ ಕ್ರಾಸಿನ ಬಸ್ ಸ್ಟಾಪಿನಲ್ಲಿ ನಿಂತವರು ಯಾರ ಕಾರಿನ ಏಸಿಯನ್ನೂ ಕಿತ್ತವರಲ್ಲ. ಬಿಸಿ ಮಾತ್ರ ಎಲ್ಲರಿಗೂ ಸಮಪಾಲು.

ತಂಪು ಯಾರಿಗೆ?

ಏಸಿ ಎಂಬುದು ಸಾಹೇಬರ ಶೋಕಿ ಅನ್ನುವ ಕಾಲ ಹೋಯಿತು. 3.5 ಟನ್ನಿಗೆ ಮೇಲ್ಪಟ್ಟ ಸರಕು ಲಾರಿಗಳ ಚಾಲಕನ ಕ್ಯಾಬಿನ್ನಿಗೆ ಏಸಿ ಇರಲೇಬೇಕೆಂದು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಆದೇಶ ಹೊರಡಿಸಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಅದು ಕಡ್ಡಾಯ. ಬೆಂದ ಚಾಲಕ ತೂಕಡಿಸುತ್ತಾನೆ, ತೂಕಡಿಸಿದ ಚಾಲಕ ಗುದ್ದುತ್ತಾನೆ. ಇಷ್ಟು ತಿಳಿಯಲು ಸರ್ಕಾರಕ್ಕೆ ಇಷ್ಟು ವರ್ಷ ಬೇಕಾಯಿತು.

ರೇಸಿನವರಿಗೂ ತಿಳಿಯಿತು. 2023ರ ಅಕ್ಟೋಬರಿನಲ್ಲಿ ಕತಾರಿನ ಫಾರ್ಮುಲಾ ಒನ್ ರೇಸಿನಲ್ಲಿ ಸೆಕೆಗೆ ಚಾಲಕರು ಹೈರಾಣಾದರು. ಒಬ್ಬ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡ, ಇನ್ನೊಬ್ಬ ರೇಸನ್ನೇ ಬಿಟ್ಟು ಇಳಿದ. ಆಮೇಲೆ ನಿಯಮ ಬದಲಾಯಿತು. 2025ರಿಂದ ವಿಪರೀತ ಸೆಕೆಯ ರೇಸುಗಳಲ್ಲಿ ಚಾಲಕನನ್ನು ತಣಿಸುವ ಸಲಕರಣೆಯನ್ನು ಕಾರಿನಲ್ಲಿ ಒಯ್ಯಬೇಕು. ಗ್ರಾಂ ಲೆಕ್ಕದಲ್ಲಿ ಭಾರ ಇಳಿಸುವ ಮಂದಿ ತಂಪಿಗಾಗಿ ಕಿಲೋಗಟ್ಟಲೆ ಹೊರುತ್ತಿದ್ದಾರೆ. ನಮ್ಮ ಪೀಣ್ಯದ ವೀರರು ಅದನ್ನು ಕಿತ್ತು ಗುಜರಿಗೆ ಹಾಕುತ್ತಿದ್ದಾರೆ.

ಹಳದಿ ಬೋರ್ಡಿನ ಕ್ಯಾಬಿನವರ ಕತೆ ಬೇರೆ. ಅವರ ಕಾರಿನಲ್ಲಿ ಏಸಿ ಇದೆ, ಹಾಕಿದರೆ ಗ್ಯಾಸು, ಪೆಟ್ರೋಲಿನ ಖರ್ಚು ಏರುತ್ತದೆ. ಅದಕ್ಕೇ ಪ್ರಯಾಣಿಕರ ಜತೆ ದಿನಾ ಜಗಳ. ಇನ್ನು ಬಸ್ಸಿನವರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಫ್ರೀ. ಒಳ್ಳೇದೇ ಆಯಿತು. ಆದರೆ ಏಸಿ ಬಸ್ಸಿಗೆ ಅದು ಅನ್ವಯಿಸೋದಿಲ್ಲ. ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ 335-ಇ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೆ ಏಸಿ ಕಿತ್ತು ಬಿಸಾಡುವ ಶ್ರೀಮಂತಿಕೆ ಕಂಡರೆ ಹೊಟ್ಟೆ ಉರಿಯದೆ ಏನಾದೀತು?

ಕಾನೂನು ಏನನ್ನುತ್ತೆ?

1988ರ ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ, ಆರ್.ಸಿ.ಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ತಿದ್ದಿದ ಕಾಯ್ದೆಯಲ್ಲಿ ಅಕ್ರಮ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಬರೆದಿದೆ.

ಏಸಿ ಇದೆಯೋ ಇಲ್ಲವೋ ಅಂತ ಟ್ರಾಫಿಕ್ ಪೇದೆ ಬಾನೆಟ್ ಎತ್ತಿ ನೋಡೋದಿಲ್ಲ. ಏಸಿ ಕಿತ್ತದ್ದಷ್ಟೇ ಆದರೆ ಯಾರೂ ಕೇಳಲಿಕ್ಕಿಲ್ಲ. ಅದು ಬಿಟ್ಟ ಜಾಗದಲ್ಲಿ ಬಂದು ಕೂರುತ್ತದಲ್ಲ, ಆ ಟರ್ಬೊ, ಆ ಗುಡುಗುವ ಸೈಲೆನ್ಸರ್, ಕೇಸು ಇರೋದು ಅಲ್ಲಿ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಇಂಜಿನ್ ಬದಲಾಯಿಸಿದ್ದರೆ ಅಪಘಾತದ ದಿನ ಅವರು ಕ್ಲೇಮಿಗೆ ಕೈ ಎತ್ತಬಹುದು. ಇಂಜಿನ್ನಿಗೆ ಲಕ್ಷ ಸುರಿದವನು ಬ್ರೇಕಿಗೆ, ಟಯರಿಗೆ ಎಷ್ಟು ಸುರಿದ ಅಂತ ಕೇಳಿ ನೋಡಿ. ಬಹಳ ಕಡೆ ಉತ್ತರ ಸಿಗೋದಿಲ್ಲ.

ಶಬ್ದಕ್ಕೂ ಮಿತಿ ಇದೆ. 2000ದ ಶಬ್ದಮಾಲಿನ್ಯ ನಿಯಮದಂತೆ ಜನವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬೆಲ್, ವ್ಯಾಪಾರದ ಜಾಗದಲ್ಲಿ 55. ದಾಸರಹಳ್ಳಿಯಲ್ಲಿ ಬಾಗಿಲು ಹಾಕಿ ಅಂಗಡಿಯ ಮೇಲೇ ಮಲಗುವ ವ್ಯಾಪಾರಿಗೆ ನಡುರಾತ್ರಿ ಒಂದು ಕಾರು ಪಟಪಟ ಸಿಡಿದು ಹೋದರೆ ಈ ಅಂಕಿ ಕಾಗದದ ಮೇಲೆ ಉಳಿಯುತ್ತದೆ, ನಿದ್ದೆ ಹೋಗುತ್ತದೆ.

ಇಷ್ಟಾಗಿ ಓಡಿಸೋದೆಲ್ಲಿ? ಟಾಮ್‌ಟಾಮ್ ಎಂಬ ಡಚ್ ಕಂಪನಿಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಸಾಗಲು ಸುಮಾರು 29 ನಿಮಿಷ ಬೇಕಾಗಿತ್ತು. ಸೈಕಲ್ಲಿನ ವೇಗ! ಪೀಣ್ಯದ ಮೇಲ್ಸೇತುವೆಯ ಕೇಬಲ್ ಕೆಟ್ಟು 2021ರ ಡಿಸೆಂಬರಿನಲ್ಲಿ ಮುಚ್ಚಿದ್ದು, ಭಾರಿ ವಾಹನಗಳಿಗೆ ಮತ್ತೆ ದಾರಿ ಬಿಟ್ಟದ್ದು 2024ರಲ್ಲಿ. ಅದರ ಕೆಳಗೆ ತೆವಳಿದವರಿಗೆ ನೂರು ಅಶ್ವಶಕ್ತಿಯೂ ಒಂದೇ, ಒಂದು ಅಶ್ವವೂ ಒಂದೇ.

ಖಾಲಿ ಸಿಗುವುದು ರಾತ್ರಿಯ ಮೇಲ್ಸೇತುವೆ. 2010ರ ಜನವರಿಯಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಹತ್ತು ಕಿಲೋಮೀಟರಿಗೆ ತುಸು ಕಡಿಮೆ. 2021ರ ಸೆಪ್ಟೆಂಬರಿನಲ್ಲಿ ಅದರ ಮೇಲೆ ಬೈಕು ನಿಲ್ಲಿಸಿಕೊಂಡಿದ್ದ ಒಬ್ಬ ಯುವಕ, ಒಬ್ಬ ಯುವತಿಗೆ ವೇಗವಾಗಿ ಬಂದ ಕಾರು ಗುದ್ದಿತು. ಇಬ್ಬರೂ ಸೇತುವೆಯಿಂದ ಕೆಳಗೆ ಬಿದ್ದು ಸತ್ತರು. ಆ ಕಾರಿಗೆ ಯಾರೂ ಟರ್ಬೊ ಕೂರಿಸಿದ್ದರು ಅಂತಲ್ಲ. ಮಾಮೂಲಿ ಕಾರೇ ಅಷ್ಟು ಮಾಡಬಲ್ಲದು ಅಂದಮೇಲೆ ಮಾಮೂಲಲ್ಲದ್ದು ಏನು ಮಾಡೀತು ಎಂಬುದು ಪ್ರಶ್ನೆ.

ಕೈಚಳಕಕ್ಕೆ ಮೈದಾನ ಕೊಡಿ

ಹಾಗಂತ ಈ ಹುಡುಗರನ್ನೆಲ್ಲ ಲಾಕಪ್ಪಿಗೆ ಹಾಕಿ ಅನ್ನುವುದು ಸುಲಭ, ಸರಿಯಲ್ಲ. ಇದು ಯಂತ್ರ ಬಲ್ಲವರ ಸೀಮೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾಯಿತು, 1970ರ ದಶಕದಲ್ಲಿ ಪಕ್ಕದಲ್ಲೇ ಪೀಣ್ಯ ಎದ್ದಿತು. ಲೇತ್ ಮೇಲೆ ಕೂದಲೆಳೆಯಷ್ಟು ಅಳತೆ ತಪ್ಪದೆ ತಿರುವಿದ ಟರ್ನರು, ಫಿಟ್ಟರುಗಳ ಮಕ್ಕಳು ಇವರು. ವಿಮಾನದ ಬಿಡಿಭಾಗ ಮಾಡುವ ಊರಿನ ಹುಡುಗನಿಗೆ ಇಂಜಿನ್ ಬಿಚ್ಚಿ ಕಟ್ಟುವ ಆಸೆ ಬರಬಾರದು ಅಂದರೆ ಹೇಗೆ? ಮರಳುಗಾಡಿನ ಡಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರ್ತಿ ಓಡಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರೇ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆದರೆ ಬೆಂಗಳೂರಿನ ಗ್ಯಾರೇಜುಗಳೇ ಅರ್ಧ ಖಾಲಿಯಾಗುತ್ತವೆ.

ಆದರೆ ದೊಡ್ಡ ಕಾರು ರೇಸಿಗೆ ಸರಿಯಾದ ಟ್ರ್ಯಾಕು ಬೇಕೆಂದರೆ ಚೆನ್ನೈ ಹತ್ತಿರದ ಇರುಂಗಾಟುಕೋಟೈಗೆ ಹೋಗಬೇಕು, ಇಲ್ಲವೇ ಕೊಯಮತ್ತೂರಿಗೆ. ಇಲ್ಲಿರುವುದು ಗೋ-ಕಾರ್ಟು ಓಡಿಸುವಷ್ಟು ಜಾಗ. ಕೈಗಾರಿಕೆಗೆ ಅಂತ ಸಾವಿರಾರು ಎಕರೆ ರೈತರ ಭೂಮಿ ಹಿಡಿದ ಸರ್ಕಾರಕ್ಕೆ, ಅದರಲ್ಲಿ ಖಾಲಿ ಬಿದ್ದು ಲಂಟಾನ ಬೆಳೆದ ಒಂದು ಮೂಲೆ ಈ ಕೆಲಸಕ್ಕೆ ಸಿಗೋದಿಲ್ಲವೆ? ತಿಂಗಳಿಗೆರಡು ಭಾನುವಾರ, ಆಂಬುಲೆನ್ಸ್ ನಿಲ್ಲಿಸಿ, ಹೆಲ್ಮೆಟ್ ಹಾಕಿಸಿ, ಬ್ರೇಕು ಪರೀಕ್ಷೆ ಮಾಡಿ ಬಿಡಲಿ. ದುಡ್ಡು ಕೊಟ್ಟು ಓಡಿಸುತ್ತಾರೆ. ಅಲ್ಲಿ ಏಸಿ ಕೀಳಲಿ, ಸೀಟು ಕೀಳಲಿ, ಬಾಗಿಲೇ ಕೀಳಲಿ, ಯಾರೂ ಕೇಳೋದಿಲ್ಲ. ಆ ಕಾರು ಟ್ರೈಲರ್ ಮೇಲೆ ಬರಲಿ, ಟ್ರೈಲರ್ ಮೇಲೆ ಹೋಗಲಿ.

ಗ್ಯಾರೇಜಿನವರೂ ಒಂದು ಕಟ್ಟುಪಾಡು ಮಾಡಿಕೊಳ್ಳಬೇಕು. ಗ್ಯಾಸು ಹಿಡಿಯುವ ಯಂತ್ರ ಒಬ್ಬೊಬ್ಬರೇ ಕೊಳ್ಳಲಾಗದಿದ್ದರೆ ಹತ್ತು ಮಂದಿ ಸೇರಿ ಒಂದು ಇಟ್ಟುಕೊಳ್ಳಲಿ. ರಸ್ತೆಯ ಮೇಲೆ ಓಡುವ ಕಾರಿಗೆ ಅಡ್ಡದಾರಿ ಕೆಲಸ ಮಾಡೋದಿಲ್ಲ ಅಂತ ಬೋರ್ಡು ಹಾಕಲಿ. ಒಂದೆರಡು ಗಿರಾಕಿ ಹೋಗಬಹುದು, ಮರ್ಯಾದೆ ಉಳಿಯುತ್ತದೆ. ಆರ್‌ಟಿಓದವರು ಯಾವುದು ಸರಿ, ಯಾವುದು ತಪ್ಪು ಅಂತ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಪ್ರತಿ ಗ್ಯಾರೇಜಿಗೂ ಅಂಟಿಸಲಿ. ಈಗ ಏನಾಗಿದೆ ಅಂದರೆ ನಿಯಮ ಗೊತ್ತಿಲ್ಲದ ಮಾಲೀಕ, ಗೊತ್ತಿದ್ದೂ ಹೇಳದ ಮೆಕ್ಯಾನಿಕ್, ಹಿಡಿದ ಮೇಲೆ ಮಾತ್ರ ಹೇಳುವ ಅಧಿಕಾರಿ, ಮೂವರೂ ಸೇರಿ ರಸ್ತೆ ಮೇಲಿನ ಜನರ ಜೀವದ ಜತೆ ಆಡುತ್ತಿದ್ದಾರೆ.

ಚುನಾವಣೆ ಬಂದಾಗ ಈ ಕೈಗಾರಿಕಾ ಪ್ರದೇಶಕ್ಕೆ ಬಂದು 'ಯುವಶಕ್ತಿ' ಅಂತ ಭಾಷಣ ಬಿಗಿಯುವ ಶಾಸಕರು, ಸಂಸದರು ಬಹಳ ಮಂದಿ. ಆ ಯುವಶಕ್ತಿ ರಾತ್ರಿ ಒಂದು ಗಂಟೆಗೆ ತುಮಕೂರು ರಸ್ತೆಯಲ್ಲಿ ಗುಡುಗುತ್ತಿದೆ. ಯಾರಾದರೂ ಒಬ್ಬರು ಎದ್ದು ಬಂದು ನೋಡಲಿ. ಅವರ ಕಾರಿನಲ್ಲಿ ಏಸಿ ಇದ್ದೇ ಇರುತ್ತದೆ, ತೊಂದರೆ ಏನೂ ಆಗಲಾರದು.