ಬೇಡ ಎನ್ನುವ ಅವಕಾಶ

ಶ್ರೀಲಂಕಾದಲ್ಲಿ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ನೆಲೆ ಕಳೆದುಕೊಂಡ ಕುಟುಂಬಗಳಿಗೆ 50,000 ಮನೆ ಕಟ್ಟಿಸಿಕೊಡುವುದಾಗಿ ಮರುವರ್ಷ ಭಾರತ ಸರ್ಕಾರ ಮಾತು ಕೊಟ್ಟಿತು. ಮೊದಲ 1,000 ಮನೆಗಳನ್ನು ಕಟ್ಟಿದ್ದು ಗುತ್ತಿಗೆದಾರರು. ಆಮೇಲೆ ದಾರಿ ಬದಲಾಯಿತು. 2012ರ ಅಕ್ಟೋಬರ್ 2ರಂದು ಆರಂಭವಾದ ಎರಡನೇ ಹಂತದಲ್ಲಿ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ಸುಮಾರು 45,000 ಕುಟುಂಬಗಳ ಬ್ಯಾಂಕ್ ಖಾತೆಗೆ ನೇರವಾಗಿ ದುಡ್ಡು ಬಂತು, ಕೆಲಸ ಮುಂದುವರಿದಂತೆಲ್ಲ ಕಂತು ಕಂತಾಗಿ. ಮನೆಯವರೇ ಮೇಸ್ತ್ರಿಯನ್ನು ಗೊತ್ತುಮಾಡಿ, ಮರಳು ಸಿಮೆಂಟು ತರಿಸಿ, ನಕ್ಷೆಯಲ್ಲಿ ತಮಗೆ ಬೇಕಾದ ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡು ಕಟ್ಟಿಸಿಕೊಂಡರು. ರೆಡ್ ಕ್ರಾಸ್, ವಿಶ್ವಸಂಸ್ಥೆಯ ಹ್ಯಾಬಿಟಾಟ್, ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿಯಂಥ ಸಂಸ್ಥೆಗಳು ಊರೂರಿಗೆ ಹೋಗಿ ತಾಂತ್ರಿಕ ಸಲಹೆ ಕೊಟ್ಟು ಜೊತೆಗೆ ನಿಂತವು. ಭಾರತ ಹೊರದೇಶದಲ್ಲಿ ಕೈಗೊಂಡ ಅಭಿವೃದ್ಧಿ ಕೆಲಸಗಳಲ್ಲಿ ಇದನ್ನು ನಾನು ಅತ್ಯುತ್ತಮವಾದವುಗಳ ಸಾಲಿಗೆ ಸೇರಿಸುತ್ತೇನೆ.

ಆದರೂ ಇದರಲ್ಲೊಂದು ಕೊರತೆ ಉಳಿಯಿತು. ಒಂದು ಮನೆಗೆ 5.5 ಲಕ್ಷ ಶ್ರೀಲಂಕಾ ರೂಪಾಯಿ ಎಂದು ಮೊದಲೇ ನಿಗದಿಯಾಗಿತ್ತು. ಅಷ್ಟರಲ್ಲಿ ಮನೆ ಮುಗಿಯದೆ ಅನೇಕ ಕುಟುಂಬಗಳು ಒಡವೆ ಅಡವಿಟ್ಟವು, ಬಡ್ಡಿಗೆ ಸಾಲ ತಂದವು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ದುಡಿಯುವ ಕೈಗಳಿಲ್ಲದ ಮನೆಗಳಿಗೆ ಈ ಹೊರೆ ಇನ್ನೂ ಭಾರವಾಯಿತು. ಕಟ್ಟುವ ಹಂತದಲ್ಲಿ ಜನರ ಮಾತಿಗೆ ಅಷ್ಟೊಂದು ಬೆಲೆ ಕೊಟ್ಟ ಯೋಜನೆ, ಮೊತ್ತವನ್ನು ನಿಗದಿ ಮಾಡುವಾಗ ಆ ಊರುಗಳ ಮಹಿಳಾ ಸಂಘಗಳನ್ನು ಕೂರಿಸಿಕೊಂಡಿದ್ದರೆ, ಕಿಳಿನೊಚ್ಚಿಗೆ ಒಂದು ಲೋಡು ಮರಳು ಬಂದಿಳಿಯುವಷ್ಟರಲ್ಲಿ ಎಷ್ಟು ಖರ್ಚು ಬೀಳುತ್ತದೆ ಎಂಬುದನ್ನು ಅವರು ಅಲ್ಲೇ ಹೇಳಿಬಿಡುತ್ತಿದ್ದರು.

2016ರಲ್ಲಿ ಇದೇ ಪ್ರದೇಶಕ್ಕೆ ಇನ್ನೊಂದು ಯೋಜನೆ ಬಂತು. ಶ್ರೀಲಂಕಾ ಸರ್ಕಾರ ಸಾಲ ಮಾಡಿ, ಬಹುರಾಷ್ಟ್ರೀಯ ಉಕ್ಕಿನ ಕಂಪನಿಯೊಂದರಿಂದ 65,000 ಸಿದ್ಧ ಉಕ್ಕಿನ ಮನೆಗಳನ್ನು ತರಿಸಿ ನಿಲ್ಲಿಸಲು ಹೊರಟಿತು. ಒಂದೊಂದಕ್ಕೆ 20 ಲಕ್ಷ ರೂಪಾಯಿಗೂ ಮೇಲೆ. ಜಾಫ್ನಾದ ಅಧ್ಯಾಪಕರು, ಸಂಘ-ಸಂಸ್ಥೆಗಳು, ಜನಪ್ರತಿನಿಧಿಗಳು ಒಟ್ಟಾಗಿ ವಿರೋಧಿಸಿದರು. ಆ ಸೆಖೆಗೆ ಉಕ್ಕಿನ ಗೋಡೆ ಒಗ್ಗುವುದಿಲ್ಲ, ತಳಪಾಯ ಗಟ್ಟಿಯಿಲ್ಲ, ಸೌದೆ ಒಲೆಯ ಅಡುಗೆಮನೆಗೆ ಹೊಗೆ ಹೋಗಲು ದಾರಿಯಿಲ್ಲ. ಇದೇ ದುಡ್ಡಿನಲ್ಲಿ ಇಟ್ಟಿಗೆ ಮನೆಗಳನ್ನು ಇದಕ್ಕಿಂತ ಎಷ್ಟೋ ಹೆಚ್ಚು ಕಟ್ಟಬಹುದು, ಕೂಲಿಯೂ ಊರಿನವರಿಗೇ ಸಿಗುತ್ತದೆ ಎಂದು ಲೆಕ್ಕ ಮುಂದಿಟ್ಟರು. ಯೋಜನೆ ಹೇಳಿದ ರೂಪದಲ್ಲಿ ಮುಂದುವರಿಯಲಿಲ್ಲ. ಅವರು ಹೇಳಿದ್ದರಲ್ಲಿ ಗುಟ್ಟಿನ ಜ್ಞಾನ ಯಾವುದೂ ಇರಲಿಲ್ಲ. ಅಲ್ಲಿ ಅಡುಗೆ ಮಾಡುವ ಯಾರನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು.

ಅಂತರರಾಷ್ಟ್ರೀಯ ನೆರವಿನಲ್ಲಿ ಜನಸಂಘಟನೆಗಳು ಪಾಲ್ಗೊಳ್ಳಬೇಕು ಎಂಬುದನ್ನು ಈಗ ಬಾಯಿಮಾತಿನಲ್ಲಿ ಅಲ್ಲಗಳೆಯುವವರಿಲ್ಲ. ನೆರವು ಹೇಗೆ ಪರಿಣಾಮಕಾರಿಯಾಗಬೇಕು ಎಂಬ ಕುರಿತ 2005ರ ಪ್ಯಾರಿಸ್ ಘೋಷಣೆ ಬಹುಮಟ್ಟಿಗೆ ದಾನಿಗಳ ಮತ್ತು ಸರ್ಕಾರಗಳ ನಡುವಿನ ಒಪ್ಪಂದವಾಗಿತ್ತು. 2008ರಲ್ಲಿ ಅಕ್ರಾದಲ್ಲಿ ನಡೆದ ಮುಂದಿನ ಸಭೆಯಲ್ಲಿ ಸಂಘಟನೆಗಳೂ ಸ್ವತಂತ್ರ ಪಾಲುದಾರರು ಎಂದು ಒಪ್ಪಿಕೊಂಡರು. 2011ರಲ್ಲಿ ಬುಸಾನ್‌ನಲ್ಲಿ ಅವರೂ ಮೇಜಿನ ಸುತ್ತ ಕುಳಿತರು. ಹೀಗಾಗಿ ಬೇಕೋ ಬೇಡವೋ ಎಂಬ ಚರ್ಚೆ ಮುಗಿದಿದೆ. ಯಾವ ಹೊತ್ತಿಗೆ ಕರೆಯಬೇಕು ಎಂಬುದು ಮಾತ್ರ ಇತ್ಯರ್ಥವಾಗಿಲ್ಲ, ಅದೇ ಅಸಲು ಪ್ರಶ್ನೆ ಎಂದು ನಾನು ತಿಳಿದಿದ್ದೇನೆ. ಯೋಜನೆ ಬೇಕೇ, ಎಲ್ಲಿ, ಯಾರಿಗೆ, ಎಷ್ಟು ಎಂಬ ತೀರ್ಮಾನಗಳೆಲ್ಲ ಆದ ಮೇಲೆ ಕರೆದರೆ ಸಂಘಟನೆಗೆ ಉಳಿಯುವುದು ಎರಡೇ ಪಾತ್ರ: ಕಡಿಮೆ ಖರ್ಚಿನಲ್ಲಿ ಕೆಲಸ ಮಾಡಿಕೊಡುವ ಗುತ್ತಿಗೆದಾರ, ಇಲ್ಲವೇ ಸಭೆಯ ನಡಾವಳಿ ಪುಸ್ತಕದಲ್ಲಿ ಸಹಿ ಹಾಕುವ ಸಾಕ್ಷಿ. ಬೇಡ ಎಂದು ಹೇಳಿದರೆ ಯೋಜನೆ ಬದಲಾಗುವ ಸಾಧ್ಯತೆ ಇನ್ನೂ ಇರುವಾಗ ಕರೆದರೆ ಮಾತ್ರ ಅದು ಪಾಲ್ಗೊಳ್ಳುವಿಕೆ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 1980ರ ದಶಕದ ಮೊದಲ ವರ್ಷಗಳಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರದ ನೆರವಿನಿಂದ ಇಲ್ಲಿ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ಹಳ್ಳಿಯವರಿಗೆ ಸೌದೆ, ಮೇವು, ಹಣ್ಣು ಸಿಗಲಿ ಎಂಬುದು ಕಾಗದದ ಮೇಲಿನ ಆಶಯ. ನೆಲದಲ್ಲಿ ಎದ್ದು ನಿಂತದ್ದು ಹೆಚ್ಚಾಗಿ ನೀಲಗಿರಿ. ಅದರ ಎಲೆಯನ್ನು ದನ ಕುರಿ ಮುಟ್ಟುವುದಿಲ್ಲ, ಮರ ಕಾಗದ ಮತ್ತು ನಾರಿನ ಕಾರ್ಖಾನೆಗಳಿಗೆ ಲಾರಿ ಹತ್ತುತ್ತದೆ. ಕೋಲಾರದ ಕಡೆ ರಾಗಿ ಬೆಳೆಯುತ್ತಿದ್ದ ಹೊಲಗಳು ತೋಪುಗಳಾದವು, ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರ ಕೂಲಿ ಹೋಯಿತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗಳಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಊರಿದರು. ನಾಲ್ಕು ವರ್ಷಗಳ ನಂತರ, 1987ರ ನವೆಂಬರ್ 14ರಂದು, ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಅದು ನೇರವಾಗಿ ವಿದೇಶಿ ನೆರವಿನ ವಿರುದ್ಧದ ಹೋರಾಟವಲ್ಲ. ಹರಿಹರದ ಕಾರ್ಖಾನೆಯೊಂದರ ಜೊತೆ ಸರ್ಕಾರ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ಸುಮಾರು 75,000 ಎಕರೆ ಜಮೀನು ಕೊಡಹೊರಟದ್ದರ ವಿರುದ್ಧ ಎದ್ದದ್ದು. ಆದರೆ ಎರಡರ ಹಿಂದಿನ ಯೋಚನೆ ಒಂದೇ ಆಗಿತ್ತು: ಊರಿನ ಗೋಮಾಳ, ಬೆಟ್ಟ, ಬಯಲು ಯಾರ ಬಳಕೆಯಲ್ಲೂ ಇಲ್ಲದ ಪಾಳು ನೆಲ ಎಂಬ ನಂಬಿಕೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಆ ಹೋರಾಟ ಕಟ್ಟಿತು, ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು, 1991ರಲ್ಲಿ ಕಂಪನಿ ಮುಚ್ಚಿತು.

ಇದರ ಬಿಸಿ ದಾನಿಗಳಿಗೂ ತಟ್ಟಿರಬೇಕು. ಉತ್ತರ ಕನ್ನಡದಲ್ಲಿ ಬ್ರಿಟಿಷ್ ನೆರವಿನಿಂದ 1990ರ ದಶಕದಲ್ಲಿ ನಡೆದ ಪಶ್ಚಿಮ ಘಟ್ಟ ಅರಣ್ಯ ಯೋಜನೆಯು, ಅರಣ್ಯ ಇಲಾಖೆಯೂ ಊರಿನವರೂ ಸೇರಿ ಮಾಡುವ ಜಂಟಿ ಅರಣ್ಯ ಯೋಜನೆಯ ಮಾತಾಡಿತು. 1993ರ ಸರ್ಕಾರಿ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಅರಣ್ಯ ಗಾರ್ಡನ್ನು ಕಂಡರೆ ದಾರಿ ಬದಲಿಸುತ್ತಿದ್ದ ಊರಿನವರು ಅದೇ ಇಲಾಖೆಯವರ ಎದುರು ಚಾಪೆ ಹಾಸಿ ಕುಳಿತು ಕಾಡಿನ ನಕ್ಷೆ ಬರೆದರು. ಇದು ಸಣ್ಣ ಬದಲಾವಣೆಯಲ್ಲ. ಆದರೆ ಸಮಿತಿಗೆ ಸಿಕ್ಕದ್ದು ಮರದ ದಟ್ಟಣೆ ಶೇ 25ಕ್ಕಿಂತ ಕಡಿಮೆ ಇರುವ, ಹಾಳಾದ ಕಾಡು ಮಾತ್ರ. ಒಳ್ಳೆಯ ಕಾಡಿನ ಬಗ್ಗೆ ತೀರ್ಮಾನ ಇಲಾಖೆಯ ಕೈಯಲ್ಲೇ ಉಳಿಯಿತು. ನೆಟ್ಟದ್ದರಲ್ಲಿ ಅಕೇಶಿಯಾದ್ದೇ ಮೇಲುಗೈಯಾಯಿತು. ಸೊಪ್ಪಿನ ಬೆಟ್ಟವನ್ನು ನಂಬಿ ಅಡಿಕೆ ತೋಟ ಮಾಡುವ ಸೀಮೆಯಲ್ಲಿ ಇಂದಿಗೂ ಜನ ಅದನ್ನು ದೂರುತ್ತಾರೆ. ಹತ್ತು ವರ್ಷಗಳ ಅಂತರದಲ್ಲಿ ಸಭೆಗಳ ಸಂಖ್ಯೆ ಬಹಳ ಹೆಚ್ಚಾಯಿತು, ಸಭೆಗೆ ಬಿಟ್ಟುಕೊಟ್ಟ ತೀರ್ಮಾನಗಳ ಸಂಖ್ಯೆ ಅಷ್ಟು ಹೆಚ್ಚಾಗಲಿಲ್ಲ.

ಮೊದಲು ಕೇಳದೆ ಹೋದರೆ ಆಗುವ ನಷ್ಟಕ್ಕೆ ನರ್ಮದೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸರ್ದಾರ್ ಸರೋವರಕ್ಕೆ 1985ರಲ್ಲಿ ವಿಶ್ವಬ್ಯಾಂಕ್ 45 ಕೋಟಿ ಡಾಲರ್ ಮಂಜೂರು ಮಾಡಿತು. ಆಗ ಮುಳುಗಡೆಯಾಗುವ ಊರುಗಳ ಜನರಿಗೆ ತಾವು ಎಲ್ಲಿಗೆ ಹೋಗಬೇಕೆಂಬುದೂ ಗೊತ್ತಿರಲಿಲ್ಲ. ನರ್ಮದಾ ಬಚಾವೋ ಆಂದೋಲನದ ಒತ್ತಡಕ್ಕೆ ಮಣಿದು ಬ್ಯಾಂಕ್ 1991ರಲ್ಲಿ ಬ್ರಾಡ್‌ಫರ್ಡ್ ಮೋರ್ಸ್ ಅವರ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆ ನಡೆಸಿತು. ಪುನರ್ವಸತಿ, ಪರಿಸರ ಎರಡರಲ್ಲೂ ಬ್ಯಾಂಕ್ ತನ್ನದೇ ನಿಯಮಗಳನ್ನು ಮುರಿದಿದೆ ಎಂದು 1992ರ ವರದಿ ಹೇಳಿತು. 1993ರ ಮಾರ್ಚ್‌ನಲ್ಲಿ ಉಳಿದ ಸಾಲ ತನಗೆ ಬೇಡವೆಂದು ಭಾರತವೇ ತಿಳಿಸಿತು. ಅಣೆಕಟ್ಟು ನಿಲ್ಲಲಿಲ್ಲ. ಅದೇ ವರ್ಷ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಪ್ಯಾನೆಲ್ ಸ್ಥಾಪನೆಯಾಗಿ, ಬ್ಯಾಂಕಿನ ಯೋಜನೆಯಿಂದ ತೊಂದರೆಗೊಳಗಾದ ಯಾವ ದೇಶದ ಜನರಾದರೂ ನೇರವಾಗಿ ದೂರು ಕೊಡಬಹುದಾದ ಬಾಗಿಲು ತೆರೆಯಿತು. ನಿಮಾಡದ ರೈತರು, ಸಾತ್ಪುರದ ಆದಿವಾಸಿಗಳು ತಮ್ಮ ಮನೆ ಉಳಿಸಿಕೊಳ್ಳಲಾರದೆ ಜಗತ್ತಿಗೆ ಗಳಿಸಿಕೊಟ್ಟ ಹಕ್ಕು ಇದು. ನಾವು ಇದನ್ನು ಸಾಕಷ್ಟು ನೆನೆಯುವುದಿಲ್ಲ.

ಆ ಬಾಗಿಲನ್ನು ಮೊದಲು ತಟ್ಟಿದವರು ನೇಪಾಳದವರು. ಅರುಣ್-3 ಜಲವಿದ್ಯುತ್ ಯೋಜನೆ 201 ಮೆಗಾವಾಟ್‌ನದು, ಖರ್ಚು ಸುಮಾರು 100 ಕೋಟಿ ಡಾಲರ್. ಆಗಿನ ನೇಪಾಳಕ್ಕೆ ಅದು ಹೊರಲಾರದ ಹೊರೆ. ಇಷ್ಟನ್ನೆಲ್ಲ ಒಂದೇ ಕಡೆ ಸುರಿಯುವ ಬದಲು ಚಿಕ್ಕ, ಮಧ್ಯಮ ಘಟಕಗಳನ್ನು ದೇಶದ ಎಂಜಿನಿಯರುಗಳೇ ಕಟ್ಟಬಹುದು ಎಂದು ಕಠ್ಮಂಡುವಿನ ಸಂಘಟನೆಗಳು ವಾದಿಸಿದವು. 1995ರ ಆಗಸ್ಟ್‌ನಲ್ಲಿ ಬ್ಯಾಂಕ್ ಹಿಂದೆ ಸರಿಯಿತು. ಮುಂದಿನ ವರ್ಷಗಳಲ್ಲಿ ಖಿಮ್ತಿ, ಭೋಟೆಕೋಶಿ, ಚಿಲಿಮೆಯಂಥ ಘಟಕಗಳು ಬಂದವು. ಆದರೆ ಅರುಣ್ ಕಣಿವೆಯ ಅನೇಕರಿಗೆ ಆ ಯೋಜನೆ ಬೇಕಿತ್ತು, ಅದರ ಜೊತೆ ಬರಲಿದ್ದ ರಸ್ತೆಗಾಗಿ. ಮುಂದೆ ನೇಪಾಳ ದಿನಕ್ಕೆ ಹತ್ತು ಹದಿನೈದು ತಾಸು ಕತ್ತಲಲ್ಲಿ ಕಳೆದಾಗ ಈ ಸಂಘಟನೆಗಳನ್ನೇ ದೂರಿದವರೂ ಇದ್ದರು. ಕರೆಂಟಿನ ಕೊರತೆಗೆ ಅಂತರ್ಯುದ್ಧವೂ ಸೇರಿ ಬೇರೆ ಕಾರಣಗಳಿದ್ದವು, ಇಡೀ ತಪ್ಪನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. ರಸ್ತೆ ಬೇಕೆಂದ ಕಣಿವೆಯವರ ಮಾತು ಮಾತ್ರ ಹಾಗೇ ಉಳಿಯುತ್ತದೆ.

ಯಾರ ಪರವಾಗಿ ಮಾತಾಡುತ್ತೀರಿ ಎಂದು ಸಂಘಟನೆಗಳನ್ನು ಕೇಳುವುದು ಆದ್ದರಿಂದ ನ್ಯಾಯವೇ. ಅಧಿಕಾರಿಗಳು ಈ ಪ್ರಶ್ನೆಯನ್ನು ಬಾಗಿಲು ಮುಚ್ಚಲು ಬಳಸುತ್ತಾರೆಂಬ ಕಾರಣಕ್ಕೆ ನಾವು ಇದರಿಂದ ತಪ್ಪಿಸಿಕೊಳ್ಳಬಾರದು. ರಾಜಧಾನಿಯಲ್ಲಿ ಕಚೇರಿ, ಇಂಗ್ಲಿಷ್ ಬಲ್ಲ ಸಿಬ್ಬಂದಿ, ದಾನಿಗಳ ನಮೂನೆ ತುಂಬುವ ಕೌಶಲ ಇರುವ ಸಂಸ್ಥೆಗೆ ಆಹ್ವಾನ ಬೇಗ ತಲುಪುತ್ತದೆ. ಬೀಡಿ ಕಟ್ಟುವವರ ಸಂಘಕ್ಕೋ ಮೀನುಗಾರರ ಸಂಘಕ್ಕೋ ಅದು ತಲುಪುವುದೇ ಇಲ್ಲ. ಚುನಾಯಿತ ಪಂಚಾಯಿತಿಯನ್ನು ಪಕ್ಕಕ್ಕಿಟ್ಟು ದಾನಿಯೂ ಸಂಸ್ಥೆಯೂ ತಾವೇ ಊರಿನ ಹಣೆಬರಹ ಬರೆಯಲು ಕುಳಿತರೆ ಅದು ಪ್ರಜಾಪ್ರಭುತ್ವಕ್ಕೆ ಬಗೆದ ದ್ರೋಹ.

ಈ ತೊಡಕನ್ನು ಸ್ವಲ್ಪಮಟ್ಟಿಗಾದರೂ ಬಿಡಿಸಿದ ವ್ಯವಸ್ಥೆಯೊಂದು ನಮ್ಮ ಕಣ್ಣೆದುರಿಗಿದೆ. ಏಡ್ಸ್, ಕ್ಷಯ, ಮಲೇರಿಯಾ ತಡೆಗೆಂದು 2002ರಲ್ಲಿ ಹುಟ್ಟಿದ ಗ್ಲೋಬಲ್ ಫಂಡ್, ದುಡ್ಡು ಕೇಳುವ ಪ್ರತಿ ದೇಶದಲ್ಲೂ ಒಂದು ಸಮನ್ವಯ ಮಂಡಳಿ ಇರಬೇಕೆಂದು ಕೇಳುತ್ತದೆ. ದೇಶದ ಪ್ರಸ್ತಾವ ಸಿದ್ಧವಾಗುವುದೇ ಅಲ್ಲಿ. ಅದರಲ್ಲಿ ಸರ್ಕಾರದವರ ಜೊತೆ ಸಂಘಟನೆಗಳವರು, ಆ ರೋಗಗಳೊಂದಿಗೆ ಬದುಕುತ್ತಿರುವವರು ಇರಲೇಬೇಕು. ಅವರನ್ನು ಸರ್ಕಾರ ನಾಮನಿರ್ದೇಶನ ಮಾಡುವಂತಿಲ್ಲ, ಅವರವರ ಗುಂಪೇ ಆರಿಸಿ ಕಳಿಸಬೇಕು. ಎಲ್ಲ ದೇಶಗಳಲ್ಲೂ ಇದು ಚೆನ್ನಾಗಿ ನಡೆದಿದೆ ಎಂದಲ್ಲ. ಎಷ್ಟೋ ಕಡೆ ಮಂತ್ರಿ ಕುರ್ಚಿಯಲ್ಲಿ ಕೂತರೆ ಉಳಿದವರ ದನಿ ಏಳುವುದಿಲ್ಲ. ಆದರೂ ನಿಯಮದ ಬಲ ಬೇರೆ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರು ತಾವೇ ಕಟ್ಟಿಕೊಂಡು ನಡೆಸುತ್ತಿರುವ ಆಶೋದಯ ಸಮಿತಿಯನ್ನು ಬಲ್ಲವರಿಗೆ, ಯೋಜನೆಯ ಫಲಾನುಭವಿ ಎಂದು ಕರೆಸಿಕೊಂಡವರು ಯೋಜನೆ ರೂಪಿಸುವವರಾದಾಗ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಮಂಡಳಿಯಲ್ಲಿ ಜಾಗ ಸಿಕ್ಕರೂ ಬೇಡ ಎನ್ನಲು ತ್ರಾಣ ಬೇಕು. ತನ್ನ ಸಿಬ್ಬಂದಿಯ ಸಂಬಳವೆಲ್ಲ ಒಬ್ಬನೇ ದಾನಿಯಿಂದ ಬರುವಾಗ ಆ ದಾನಿಯ ಯೋಜನೆ ಸರಿಯಿಲ್ಲವೆಂದು ಹೇಳುವುದು ಎಷ್ಟು ಸಂಸ್ಥೆಗಳಿಗೆ ಸಾಧ್ಯ? 2005ರಲ್ಲಿ ಸಾಂಗ್ಲಿಯ ಸಂಗ್ರಾಮ್ ಸಂಸ್ಥೆ ಅಮೆರಿಕದ ಹಣವನ್ನು ಹಿಂದಿರುಗಿಸಿತು, ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇವೆಂದು ಬರೆದುಕೊಡಬೇಕೆಂಬ ಷರತ್ತು ತಾನು ಜೊತೆಗೂಡಿ ಕೆಲಸ ಮಾಡುವ ಲೈಂಗಿಕ ಕಾರ್ಯಕರ್ತೆಯರಿಗೇ ವಿರುದ್ಧವಾಗಿದೆ ಎಂಬ ಕಾರಣಕ್ಕೆ. ಅಂಥ ಧೈರ್ಯವನ್ನು ಎಲ್ಲರಿಂದ ನಿರೀಕ್ಷಿಸಲಾಗದು. 2025ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಮುಚ್ಚಿದಾಗ ಆಫ್ರಿಕಾದ ಎಷ್ಟೋ ಕ್ಲಿನಿಕ್‌ಗಳು ಏಕಾಏಕಿ ಬೀಗ ಹಾಕಿದವು. ನಮ್ಮಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚದಂತೆ ತಡೆಯಿತು. ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ವಿದೇಶಿ ಹಣದ ಮೇಲೆ ಸರ್ಕಾರ ಕಣ್ಣಿಡುವುದು ಸರಿಯೇ. ಆದರೆ ದೊಡ್ಡ ಸಂಸ್ಥೆಯ ಮೂಲಕ ಒಂದಿಷ್ಟು ದುಡ್ಡು ಪಡೆದು ಹೋಬಳಿ ಮಟ್ಟದಲ್ಲಿ ಕೆಲಸ ಮಾಡುತ್ತಿದ್ದ ಸಣ್ಣ ಸಂಘಗಳೇ ಇದರಿಂದ ಮೊದಲು ಸೊರಗಿದವು. ಯೋಜನೆಯ ಹೊತ್ತಿಗೆ ಕೇಳಲೇಬೇಕಾದ ದನಿ ಅವರದಾಗಿತ್ತು.

ಭಾರತ ಈಗ ನೆರವು ಪಡೆಯುವುದಕ್ಕಿಂತ ಕೊಡುವ ಸ್ಥಾನದಲ್ಲಿ ಮಾತಾಡುತ್ತದೆ. ವಿದೇಶಾಂಗ ಸಚಿವಾಲಯದಲ್ಲಿ ಇದಕ್ಕೆಂದೇ 2012ರಿಂದ ಪ್ರತ್ಯೇಕ ವಿಭಾಗವಿದೆ. ಆ ದೇಶ ಕೇಳಿದ್ದನ್ನು ಕೊಡುತ್ತೇವೆ, ಷರತ್ತು ಹೇರುವುದಿಲ್ಲ ಎಂಬುದು ನಮ್ಮ ನೀತಿ. ಹಿಂದೆ ಷರತ್ತುಗಳಿಂದ ನೊಂದ ದೇಶ ಹೀಗೆ ಹೇಳುವುದು ಸಹಜ, ಗೌರವದ ಮಾತೂ ಹೌದು. ಆದರೆ ಅಲ್ಲಿ ದೇಶ ಎಂದರೆ ಅಲ್ಲಿನ ಸರ್ಕಾರ ಮಾತ್ರ. ಸುಂದರಬನಕ್ಕೆ ಸುಮಾರು 14 ಕಿ.ಮೀ. ದೂರದಲ್ಲಿ, ಬಾಂಗ್ಲಾದೇಶದ ರಾಮ್‌ಪಾಲ್‌ನಲ್ಲಿ, 1,320 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ನಮ್ಮ ಎಕ್ಸಿಮ್ ಬ್ಯಾಂಕಿನ 160 ಕೋಟಿ ಡಾಲರ್ ಸಾಲದಿಂದ ಎದ್ದಿತು. ಅಲ್ಲಿನ ಸಂಘಟನೆಗಳು ವರ್ಷಗಟ್ಟಲೆ ಪಾದಯಾತ್ರೆ ಮಾಡಿದವು, ಯುನೆಸ್ಕೊ 2016ರಲ್ಲಿ ಆಕ್ಷೇಪಿಸಿತು. ಆ ಜನ ದೆಹಲಿಯಲ್ಲಿ ಯಾರ ಬಾಗಿಲು ತಟ್ಟಬೇಕಿತ್ತು? ನರ್ಮದೆಯ ಹೋರಾಟದ ಫಲವಾಗಿ ವಾಷಿಂಗ್ಟನ್‌ನಲ್ಲಿ ತೆರೆದಂಥ ಸ್ವತಂತ್ರ ದೂರು ವ್ಯವಸ್ಥೆ ನಮ್ಮದೇ ಬ್ಯಾಂಕಿನಲ್ಲಿಲ್ಲ. ನೇಪಾಳದಲ್ಲಿ 2003ರಿಂದ ಭಾರತ ಕೊಡುತ್ತಿರುವ ಸಣ್ಣ ಅನುದಾನಗಳ ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಕೆಲಸಗಳು ಅಲ್ಲಿನ ಸ್ಥಳೀಯ ಸಂಸ್ಥೆಗಳ ಮೂಲಕವೇ ನಡೆಯುತ್ತವೆ. ಸಣ್ಣ ಮೊತ್ತಕ್ಕೆ ಸಾಧ್ಯವಾದದ್ದು ದೊಡ್ಡ ಸಾಲಕ್ಕೆ ಅಸಾಧ್ಯವೇನಲ್ಲ. ಸಾಲದ ಒಪ್ಪಂದಕ್ಕೆ ಸಹಿ ಬೀಳುವ ಆರು ತಿಂಗಳ ಮೊದಲು ಯೋಜನೆಯ ಕರಡು ಆ ದೇಶದ ಭಾಷೆಯಲ್ಲಿ ಪ್ರಕಟವಾಗಬೇಕು. ಅಲ್ಲಿನ ಸಂಘಟನೆಗಳು ಎತ್ತಿದ ಆಕ್ಷೇಪಗಳಿಗೆ ಒಪ್ಪಿದ್ದೇವೆ ಅಥವಾ ಇಂಥ ಕಾರಣಕ್ಕೆ ಒಪ್ಪಿಲ್ಲ ಎಂದು ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಆಮೇಲೂ ಅನ್ಯಾಯವಾಯಿತೆನ್ನುವವರು ಬಂಗಾಳಿಯಲ್ಲೋ ಸಿಂಹಳದಲ್ಲೋ ಸ್ವಾಹಿಲಿಯಲ್ಲೋ ದೂರು ಬರೆದು ಕಳಿಸಲು ಎಕ್ಸಿಮ್ ಬ್ಯಾಂಕಿನಲ್ಲಿ ಒಂದು ಕಚೇರಿ ಇರಬೇಕು, ಅದರ ಮುಖ್ಯಸ್ಥರು ಬ್ಯಾಂಕಿನ ನೌಕರರಾಗಿರಬಾರದು. ಇದಕ್ಕೆ ಸಂಸತ್ತಿನಲ್ಲಿ ಒಬ್ಬ ಸದಸ್ಯರು ಪ್ರಶ್ನೆ ಎತ್ತಿದರೂ ಕೆಲಸ ಶುರುವಾಗುತ್ತದೆ, ಆ ಸದಸ್ಯರು ಕರ್ನಾಟಕದವರಾಗಲಿ ಎಂಬುದು ನನ್ನ ಆಸೆ.